ಭೂಪ್ರದಕ್ಷಿಣೆಯ ಟಿಕೆಟು

ನಮ್ಮ ಯಸಳೂರಿನಿಂದ ಸಕಲೇಶಪುರಕ್ಕೆ ಹೋದವನು ಹೋದ ದಾರಿಯಲ್ಲೇ ಹಿಂದಿರುಗಬೇಕೆಂಬ ಕಟ್ಟಳೆಯೇನೂ ಇಲ್ಲ. ಪೇಟೆಯ ಕೆಲಸ ಮುಗಿಸಿ, ಸೋಮವಾರಪೇಟೆಯ ಕಡೆ ನೆಂಟರಿದ್ದರೆ ಅವರನ್ನೂ ಕಂಡು, ಶನಿವಾರಸಂತೆಯ ಮೇಲೆ ಸುತ್ತಿಕೊಂಡು ಮನೆ ಸೇರುವುದುಂಟು. ಬಸ್ಸಿನ ಚಾರ್ಜು ಸ್ವಲ್ಪ ಹೆಚ್ಚಾಗುತ್ತದೆ. ನೋಡಿದ ಊರುಗಳೂ ಹೆಚ್ಚಾಗುತ್ತವೆ. ಈ ಸರಳವಾದ ನ್ಯಾಯವನ್ನು ನಮ್ಮ ತಂದೆಯವರು ಇಡೀ ಭೂಮಂಡಲಕ್ಕೆ ಅನ್ವಯಿಸಿದ್ದೇ ಈ ಬರಹಕ್ಕೆ ಕಾರಣ.

ತಂದೆಯವರು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಮೇಷ್ಟರಾಗಿದ್ದವರು. ಎಲ್ಲ ಪಾಠಗಳನ್ನೂ ಹೇಳಬೇಕಾಗಿದ್ದರೂ ಅವರ ಮನಸ್ಸು ನೆಟ್ಟಿದ್ದು ಭೂಗೋಳದ ಮೇಲೆ. ಶಾಲೆಯಲ್ಲಿ ತಗಡಿನದೊಂದು ಗೋಳವಿತ್ತು. ಅದರ ಕಾಲು ಮುರಿದು, ದಕ್ಷಿಣ ಧ್ರುವದಲ್ಲಿ ತುಕ್ಕು ಹಿಡಿದು, ಕೊನೆಗೆ ಅದನ್ನು ಹಳೆಯ ಸಾಮಾನಿನೊಡನೆ ಹೊರಹಾಕಿದಾಗ ಅಪ್ಪ ಅದನ್ನು ಕೇಳಿ ಪಡೆದು ಮನೆಗೆ ತಂದರು. ಅಂದಿನಿಂದ ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ಅದನ್ನು ತಿರುಗಿಸುವುದು ಅವರಿಗೊಂದು ವ್ರತವಾಯಿತು. ಅಮ್ಮ ಒಳಗಿನಿಂದ, “ಗೋಳ ತಿರುಗಿಸಿದ್ದು ಸಾಕು, ಬಾವಿಯ ರಾಟೆಯನ್ನಾದರೂ ತಿರುಗಿಸಿ, ಎರಡು ಕೊಡ ನೀರು ಬಂದೀತು” ಎನ್ನುತ್ತಿದ್ದಳು. ಆ ರಾಟೆ ತಿರುಗಿಸಿದರೆ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಅದಕ್ಕೆ ಎಣ್ಣೆ ಹಾಕಬೇಕೆಂಬ ಅಮ್ಮನ ಬೇಡಿಕೆಗೂ ಅಪ್ಪನ ಗೋಳಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ನನ್ನ ತಂಗಿ ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಅಪ್ಪ ಅಮ್ಮ ಇಬ್ಬರೂ ಪಾಸ್‌ಪೋರ್ಟು ಮಾಡಿಸಿ, ಚೆನ್ನೈಗೆ ಹೋಗಿ ಬೆರಳಚ್ಚು ಕೊಟ್ಟು, ಅಮೆರಿಕದ ಹತ್ತು ವರ್ಷದ ವೀಸಾ ಪಡೆದಿದ್ದರು. ಟಿಕೆಟು ಕೊಳ್ಳುವ ಮೊದಲೇ ಅಮ್ಮ ಕಾಯಿಲೆ ಬಿದ್ದಳು; ವೈಶಾಖ ಶುದ್ಧ ದಶಮಿಯಂದು ತೀರಿಕೊಂಡಳು. ಆಮೇಲೆ ಆ ಪ್ರಯಾಣದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವಳ ಪಾಸ್‌ಪೋರ್ಟು ತಗಡಿನ ಪೆಟ್ಟಿಗೆಯಲ್ಲಿದೆ. ವೀಸಾದ ಅವಧಿ ಮುಗಿಯಲು ಇನ್ನೂ ವರ್ಷಗಳಿವೆ.

ಕಳೆದ ಗೌರಿಹಬ್ಬಕ್ಕೆ ನಾನು ಊರಿಗೆ ಹೋಗಿದ್ದಾಗ ಅಪ್ಪ ಗೋಳವನ್ನೆತ್ತಿಕೊಂಡು ನನ್ನ ಕೋಣೆಗೆ ಬಂದರು. ಒಂದು ಬೆರಳನ್ನು ಹಾಸನ ಜಿಲ್ಲೆಯಿರಬಹುದಾದ ಜಾಗದಲ್ಲಿ ಇಟ್ಟರು. ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ ಇಟ್ಟರು.

“ನೋಡು, ಈ ಕಡೆಯಿಂದ ಹೋದರೂ ಅಷ್ಟೆ, ಆ ಕಡೆಯಿಂದ ಹೋದರೂ ಹೆಚ್ಚುಕಡಿಮೆ ಅಷ್ಟೆ. ಮಗಳ ಮನೆಗೆ ಹೋಗುವುದಂತೂ ಹೌದು. ಹೋದ ದಾರಿಯಲ್ಲೇ ಯಾಕೆ ಬರಬೇಕು ಮಾರಾಯ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬೇಸಿಗೆಯಲ್ಲಿ ನಮಗೂ ತಂಗಿಯ ಊರಿಗೂ ಹನ್ನೆರಡೂವರೆ ಗಂಟೆಯ ಅಂತರ. ನಮಗೆ ಹಗಲಾದರೆ ಅವಳಿಗೆ ರಾತ್ರಿ. ಅಂದರೆ ಅವಳಿರುವುದು ಭೂಮಿಯ ಆಚೆಯ ಮಗ್ಗುಲಲ್ಲಿ. ಆಚೆಯ ಮಗ್ಗುಲಿಗೆ ಹೋದವನು ಅರ್ಧ ಪ್ರದಕ್ಷಿಣೆಯನ್ನು ಆಗಲೇ ಮಾಡಿರುತ್ತಾನೆ; ಉಳಿದರ್ಧವನ್ನು ಬಿಟ್ಟು ಬರುವುದು ಜಿಪುಣತನವಲ್ಲ, ಅವಿವೇಕ ಎಂಬುದು ಅಪ್ಪನ ಸಿದ್ಧಾಂತ. ಮೆಣಸು ಮಾರಿದ ನಾಲ್ಕು ಲಕ್ಷ ರೂಪಾಯಿ ಅವರ ಕೈಯಲ್ಲಿತ್ತು. ವಿಮಾನದ ಖರ್ಚು, ವೀಸಾ, ದಾರಿಯ ಊಟ ಎಲ್ಲವೂ ಅದರೊಳಗೇ ಆಗಬೇಕು. ಜೊತೆಗೆ ನಾನೂ ಹೋಗಬೇಕು. ಟಿಕೆಟು ಹುಡುಕುವ ಭಾರ ಮಾತ್ರ ನನ್ನದು.

ಕನ್ನಡದ ಅಧ್ಯಾಪಕನಾದ ನನಗೆ ಗೊತ್ತಿದ್ದ ಭೂಪ್ರದಕ್ಷಿಣೆ ಪುರಾಣದ್ದು. ಷಣ್ಮುಖ ನವಿಲನ್ನೇರಿ ಹೊರಟ. ಗಣಪತಿ ತಂದೆತಾಯಿಗಳನ್ನು ಸುತ್ತಿ ಫಲವನ್ನು ಗೆದ್ದುಕೊಂಡ. ಅಗ್ಗದ ಪ್ರಯಾಣದ ವಿಷಯದಲ್ಲಿ ಗಣಪತಿಯನ್ನು ಮೀರಿಸಿದವರಿಲ್ಲ ಎಂದು ನಾನು ನಗೆಯಾಡಿದೆ. ಅಪ್ಪ ನಗಲಿಲ್ಲ. “ಅವನಿಗೆ ಇಬ್ಬರೂ ಎದುರಿಗೆ ಕೂತಿದ್ದರು” ಎಂದರು.

ಸರಿ, ನವಿಲನ್ನು ಹುಡುಕುವುದಕ್ಕೆ ಕುಳಿತೆ.

ಭೂಮಿಯನ್ನು ಸುತ್ತಲೆಂದೇ ಮಾರುವ ಟಿಕೆಟು ಒಂದಿದೆಯೆಂಬುದು ನನಗೆ ಆಗ ತಿಳಿಯಿತು. ಇದು ಹೊಸದಲ್ಲ. ಪ್ಯಾನ್ ಅಮೆರಿಕನ್ ಎಂಬ ಕಂಪನಿ 1947ರ ಜೂನ್ ತಿಂಗಳಲ್ಲೇ ಭೂಮಿಯನ್ನು ಬಳಸಿ ಹೋಗುವ ಸೇವೆಯನ್ನು ಆರಂಭಿಸಿತ್ತು. ನಮ್ಮ ಕಲ್ಕತ್ತವೂ ಆ ದಾರಿಯ ಒಂದು ತಂಗುದಾಣವಾಗಿತ್ತು. 1982ರಲ್ಲಿ ಆ ಸೇವೆ ನಿಂತಿತು; 1991ರಲ್ಲಿ ಕಂಪನಿಯೇ ಮುಚ್ಚಿತು. ಇಂದು ಹಲವು ದೇಶಗಳ ವಿಮಾನ ಕಂಪನಿಗಳು ಒಂದು ಒಕ್ಕೂಟವಾಗಿ ಸೇರಿ, ಒಬ್ಬರ ಟಿಕೆಟಿನಲ್ಲಿ ಇನ್ನೊಬ್ಬರ ವಿಮಾನವನ್ನೇರುವ ಅನುಕೂಲ ಮಾಡಿಕೊಂಡಿವೆ. ಅಂಥ ಒಕ್ಕೂಟ ಮಾರುವ ಪ್ರದಕ್ಷಿಣೆಯ ಟಿಕೆಟಿಗೆ ಮಡಿಯ ಅಡುಗೆಗಿರುವಷ್ಟು ನಿಯಮಗಳು. ಹೊರಟ ದೇಶಕ್ಕೇ ಬಂದು ಮುಗಿಸಬೇಕು. ಪೂರ್ವಕ್ಕೆ ಹೊರಟವನು ಪೂರ್ವಕ್ಕೇ, ಪಶ್ಚಿಮಕ್ಕೆ ಹೊರಟವನು ಪಶ್ಚಿಮಕ್ಕೇ ಸಾಗಬೇಕು. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಒಂದೊಂದೇ ಸಲ ದಾಟಬೇಕು. ಒಂದು ಒಕ್ಕೂಟದಲ್ಲಿ ಬೆಲೆ ಎಷ್ಟು ಖಂಡಗಳನ್ನು ಮುಟ್ಟುತ್ತೀರಿ ಎಂಬುದರ ಮೇಲೆ. ಹೆಚ್ಚೆಂದರೆ ಹದಿನಾರು ವಿಮಾನಗಳನ್ನೇರಬಹುದು. ಒಂದು ವರ್ಷದೊಳಗೆ ಮುಗಿಸಬೇಕು. ಎಲ್ಲಿಂದ ಹೊರಡುತ್ತೀರಿ ಎಂಬುದರ ಮೇಲೂ ಬೆಲೆ ಬದಲಾಗುತ್ತದೆ. ಅದೇ ಬಳೆ, ಅದೇ ಸುತ್ತು. ಹಿಡಿಯುವ ತುದಿ ಬೇರೆಯಾದರೆ ಬೆಲೆಯೂ ಬೇರೆ.

ಬೆಂಗಳೂರಿನಿಂದ ಲೆಕ್ಕ ಹಾಕಿದಾಗ ತಲೆಗೆ 3,30,000 ರೂಪಾಯಿ ಬಂತು. ಇಬ್ಬರಿಗೆ ಎಷ್ಟೆಂದು ಅಪ್ಪನಿಗೆ ನಾನು ಹೇಳಬೇಕಾಗಲಿಲ್ಲ. “ಹದಿನಾರು ವಿಮಾನ ಹತ್ತುವವರಿಗೆ ಅದು ಅಗ್ಗವೇ ಇರಬಹುದು. ನಮಗೆ ಹದಿನಾರು ಸಲ ಸೊಂಟದ ಬೆಲ್ಟು ಬಿಚ್ಚಿ ತಪಾಸಣೆಗೆ ನಿಲ್ಲುವ ಶಕ್ತಿಯಿಲ್ಲ” ಎಂದು ಆ ಅಧ್ಯಾಯವನ್ನು ಮುಚ್ಚಿದರು. ಅವರ ಮಾತು ನಿಜ. ಇದು ಹತ್ತಾರು ದೇಶಗಳಲ್ಲಿ ತಂಗುವವರಿಗೆ ಲಾಭದ ಟಿಕೆಟು. ಮೂರು ಕಡೆ ಇಳಿಯುವವರಿಗೆ ಅಲ್ಲ.

ವಿಮಾನದ ಬೆಲೆಯ ಸ್ವಭಾವವೇ ವಿಚಿತ್ರವಾದದ್ದು. ನಮ್ಮ ಸಂತೆಯಲ್ಲಿ ಬೆಳಿಗ್ಗೆ ಇಪ್ಪತ್ತು ರೂಪಾಯಿಗಿದ್ದ ಸೊಪ್ಪಿನ ಕಟ್ಟು ಹೊತ್ತು ಮುಳುಗುವಾಗ ಹತ್ತಕ್ಕೆ ಇಳಿಯುತ್ತದೆ. ಬಾಡುವ ವಸ್ತುವಿಗೆ ಅದೇ ಧರ್ಮ. ವಿಮಾನದ ಆಸನವೂ ಬಾಡುವ ವಸ್ತುವೇ. ಬಾಗಿಲು ಮುಚ್ಚಿದ ಮೇಲೆ ಖಾಲಿ ಆಸನಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಆದರೂ ಹೊತ್ತು ಮುಳುಗಿದಂತೆ ಅದರ ಬೆಲೆ ಏರುತ್ತದೆ! ಕೊನೆಯ ಗಳಿಗೆಯಲ್ಲಿ ಬರುವವನು ಹೋಗಲೇಬೇಕಾದವನು, ಎಷ್ಟಾದರೂ ಕೊಟ್ಟಾನು ಎಂಬುದು ಮಾರುವವರ ತರ್ಕ. ಒಂದೇ ಬಗೆಯ ಆಸನಗಳನ್ನು ಹಲವು ದರ್ಜೆಗಳಾಗಿ ಹಂಚಿ, ಅಗ್ಗದ ದರ್ಜೆ ಮುಗಿದೊಡನೆ ಮುಂದಿನದನ್ನು ತೆರೆಯುತ್ತಾರೆ. ಹೀಗಾಗಿ ಒಂದೇ ಸಾಲಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕುಳಿತ ಮೂವರು ಮೂರು ಬೆಲೆ ಕೊಟ್ಟಿರುತ್ತಾರೆ. ಹಾಗೆಂದು ಹನ್ನೊಂದು ತಿಂಗಳ ಮುಂಚೆ, ಮಾರಾಟ ತೆರೆದ ದಿನವೇ ಓಡಿಹೋಗಿ ಕೊಂಡರೂ ಅಗ್ಗವೆಂಬ ಭರವಸೆಯಿಲ್ಲ.

ಅಗ್ಗದ ವಿಮಾನವೆಂದರೆ ನಮ್ಮ ಮನೆಯಲ್ಲಿ ಅದಕ್ಕೊಂದು ಚರಿತ್ರೆಯೇ ಇದೆ. ನಮ್ಮ ಜಿಲ್ಲೆಯ ಗೊರೂರಿನಿಂದ ಇಬ್ಬರು ಹೊರಟರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕಕ್ಕೆ ಹೋಗಿಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದೇ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರು ಸೈನ್ಯ ಬಿಟ್ಟು, ಜಾವಗಲ್ಲಿನ ಬಳಿ ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ವಿಮಾನ ಕಂಪನಿ ತೆರೆದರು. ಒಂದು ರೂಪಾಯಿಯ ಟಿಕೆಟೆಂದರೆ ಆಗ ದೇಶವೇ ಬೆರಗಾಗಿತ್ತು. ತೆರಿಗೆ ಬೇರೆ ಕೊಡಬೇಕಾಗಿತ್ತೆನ್ನಿ. 2006ರಲ್ಲಿ ಅಪ್ಪನಿಗೆ ಅಂಥ ಟಿಕೆಟು ಎರಡು ಸಿಕ್ಕವು. ಎಲ್ಲಿಗೆ? ಬೆಂಗಳೂರಿನಿಂದ ಮಂಗಳೂರಿಗೆ! ನಮ್ಮೂರು ಇರುವುದೇ ಆ ಎರಡರ ನಡುವೆ. ನನ್ನನ್ನೂ ತಂಗಿಯನ್ನೂ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟು, ಇಬ್ಬರೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ನಮ್ಮ ತಲೆಯ ಮೇಲೆ ಹಾರಿ ಮಂಗಳೂರಿನಲ್ಲಿಳಿದು, ಶಿರಾಡಿ ಘಾಟಿಯನ್ನು ಬಸ್ಸಿನಲ್ಲಿ ಹತ್ತಿ ಮರಳಿ ಬಂದರು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಅಮ್ಮ, ತಾನು ನಮ್ಮ ಮನೆಯ ಹೆಂಚನ್ನೂ ಕಣದಲ್ಲಿ ಒಣಹಾಕಿದ್ದ ಮೆಣಸನ್ನೂ ಕಂಡೆನೆಂದು ಹೇಳಿದಳು. ಅಷ್ಟೆತ್ತರದಿಂದ ಕಾಣುವುದು ಅಸಾಧ್ಯ, ಮೇಲಾಗಿ ಮೋಡ ಕವಿದಿತ್ತು ಎಂದು ಅಪ್ಪ. ಆ ವ್ಯಾಜ್ಯ ಅಮ್ಮ ಇರುವವರೆಗೂ ತೀರ್ಮಾನವಾಗಲಿಲ್ಲ. ಏರ್ ಡೆಕ್ಕನ್ 2008ರಲ್ಲಿ ಹೆಸರು ಬದಲಿಸಿಕೊಂಡು, ಆಮೇಲೆ ಕಾಲವಾಯಿತು. ಅಮ್ಮ ಏರಿದ್ದು ಅದೊಂದೇ ವಿಮಾನ.

ಮತ್ತೆ ಲೆಕ್ಕಕ್ಕೆ ಬರೋಣ. ಹಾಸನದಲ್ಲಿ ಒಬ್ಬ ಏಜೆಂಟರನ್ನು ಕಂಡೆ. ಅವರು ಬಹಳ ಉತ್ಸಾಹದಿಂದ ಬಿಡಿ ಟಿಕೆಟುಗಳ ಒಂದು ಸರವನ್ನೇ ಪೋಣಿಸಿಕೊಟ್ಟರು. ಬೆಂಗಳೂರಿನಿಂದ ಲಂಡನ್ನಿಗೆ 38,000, ಅಲ್ಲಿಂದ ನ್ಯೂಯಾರ್ಕಿಗೆ 34,500, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,500, ಪೆಸಿಫಿಕ್ ದಾಟಿ ಸಿಂಗಪುರಕ್ಕೆ 41,000, ಸಿಂಗಪುರದಿಂದ ಮನೆಗೆ 12,000, ಒಟ್ಟು 1,39,000. ಪ್ರದಕ್ಷಿಣೆಯ ಟಿಕೆಟಿನ ಅರ್ಧಕ್ಕಿಂತಲೂ ಕಡಿಮೆ! ನಾನು ಹಿಗ್ಗಿ ಹೋದೆ. ಹಣ ಕಟ್ಟುವುದೊಂದು ಬಾಕಿಯಿತ್ತು. ಅಪ್ಪ ಆ ಕಾಗದವನ್ನು ಉತ್ತರ ಪತ್ರಿಕೆ ತಿದ್ದುವವರಂತೆ ನೋಡಿ, “ಒಂದು ಬಸ್ಸು ತಡವಾದರೆ ಮುಂದಿನ ಬಸ್ಸಿನವನು ಕಾಯುತ್ತಾನೋ?” ಎಂದು ಕೇಳಿದರು.

ಕಾಯುವುದಿಲ್ಲ. ಬಿಡಿ ಟಿಕೆಟಿನ ದೋಷ ಅದೇ. ಒಂದೇ ಟಿಕೆಟಿನಲ್ಲಿ ಎರಡು ವಿಮಾನಗಳಿದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟುಗಳಾದರೆ ಎರಡನೆಯವನಿಗೆ ನಾವು ಬರಿಯ ಗೈರುಹಾಜರಿ. ಹಣವೂ ಹೋಯಿತು, ವಿಮಾನವೂ ಹೋಯಿತು. ಇನ್ನೊಂದು ದೋಷವನ್ನು ಏಜೆಂಟರು ಹೇಳಿಯೇ ಇರಲಿಲ್ಲ. ಬಿಡಿ ಟಿಕೆಟಿನವನು ಸಾಮಾನ್ಯವಾಗಿ ನಡುದಾರಿಯಲ್ಲಿ ತನ್ನ ಪೆಟ್ಟಿಗೆಯನ್ನು ತಾನೇ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು; ಪೆಟ್ಟಿಗೆ ಬಿಡಿಸಿಕೊಳ್ಳಬೇಕಾದರೆ ಆ ದೇಶದೊಳಕ್ಕೆ ಕಾಲಿಡಬೇಕು; ಕಾಲಿಡಬೇಕಾದರೆ ವೀಸಾ ಬೇಕು. ಸಿಂಗಪುರದಲ್ಲಿ ಬರಿಯ ವಿಮಾನ ಬದಲಿಸುವುದಕ್ಕಾಗಿ ನಾವು ಪೆಟ್ಟಿಗೆ ಹಿಡಿದು ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕಾಗಿತ್ತು. ಒಂದೇ ಟಿಕೆಟಾದರೆ ಪೆಟ್ಟಿಗೆ ತಾನಾಗಿ ಮುಂದೆ ಹೋಗುತ್ತದೆ, ನಾವು ನಿಲ್ದಾಣದ ಒಳಗೇ ಕಾಫಿ ಕುಡಿದುಕೊಂಡು ಕೂರಬಹುದು. ಅಮೆರಿಕದಲ್ಲಿ ಈ ರಿಯಾಯಿತಿ ಇಲ್ಲ. ಅಲ್ಲಿ ವಿಮಾನ ಬದಲಿಸುವ ಭಾರತೀಯನಿಗೂ ವೀಸಾ ಬೇಕೇ ಬೇಕು.

ಯಾವ ದೇಶವನ್ನು ಬಿಟ್ಟರೆ ಒಂದು ವೀಸಾ ಉಳಿದೀತು ಎಂದು ನೋಡುವಾಗ ಸಣ್ಣದೊಂದು ದುಃಖವೂ ಆಯಿತು. ಅಪ್ಪನಿಗೆ ಇಟಲಿಯನ್ನೂ ನೋಡುವ ಆಸೆಯಿತ್ತು. ನಮ್ಮ ದೇಶದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವವರು ಇಟಲಿಯವರು. ಎಷ್ಟು ವರ್ಷಗಳಿಂದ ನಮ್ಮ ಕಣದ ಕಾಫಿ ಮಂಗಳೂರಿನ ಬಂದರಿನಿಂದ ಹಡಗು ಹತ್ತಿ ಹೋಗುತ್ತಿದೆಯೋ! ಅದಕ್ಕೆ ಬೆರಳಚ್ಚು ಕೇಳಿದವರಿಲ್ಲ, ಬ್ಯಾಂಕಿನ ಪುಸ್ತಕ ಕೇಳಿದವರಿಲ್ಲ. ಬೆಳೆದವನು ಹೋಗಬೇಕಾದರೆ ಎರಡನ್ನೂ ಕೊಡಬೇಕು. ಇಟಲಿಗೆ ಒಂದು ವೀಸಾ, ಇಂಗ್ಲೆಂಡಿಗೆ ಬೇರೊಂದು, ಎರಡರಲ್ಲೊಂದು ಎಂದೆ. ಅಪ್ಪ ಬಹಳ ಹೊತ್ತು ಯೋಚಿಸಲಿಲ್ಲ. 1884ರಲ್ಲಿ ವಾಷಿಂಗ್‌ಟನ್ನಿನ ಸಮ್ಮೇಳನದಲ್ಲಿ ಗೊತ್ತುಮಾಡಿದ ಶೂನ್ಯ ರೇಖಾಂಶ ಗ್ರೀನಿಚ್ಚಿನಲ್ಲಿ ನೆಲದ ಮೇಲೆಯೇ ಎಳೆದಿದೆಯಂತೆ. “ಮಕ್ಕಳಿಗೆ ಅಷ್ಟು ವರ್ಷ ಅಲ್ಲಿಂದಲೇ ಎಣಿಸಲು ಕಲಿಸಿದೆ. ಅದರ ಮೇಲೆ ಒಂದು ಸಲ ಆ ಕಡೆಗೊಂದು ಈ ಕಡೆಗೊಂದು ಕಾಲಿಟ್ಟು ನಿಲ್ಲಬೇಕು” ಎಂದರು. ಇಟಲಿ ಬಿಟ್ಟುಹೋಯಿತು.

ಕೊನೆಗೆ ನನಗೆ ಹೊಳೆದ ಉಪಾಯ ಇಷ್ಟೆ. ಭೂಪ್ರದಕ್ಷಿಣೆಯ ಟಿಕೆಟೂ ಬೇಡ, ಬಿಡಿ ಟಿಕೆಟುಗಳ ಸರವೂ ಬೇಡ. ಹಲವು ಊರುಗಳನ್ನು ಸೇರಿಸಿ ಒಂದೇ ಟಿಕೆಟು ಕೊಳ್ಳುವ ಪದ್ಧತಿಯಿದೆ. ಒಂದು ಸಾಗರದ ಮೇಲೆ ಹೋಗಿ ಇನ್ನೊಂದು ಸಾಗರದ ಮೇಲೆ ಬರುವಂತೆ, ನಡುವೆ ಲಂಡನ್ನಿನಲ್ಲಿ ತಂಗುವಂತೆ ಅದನ್ನು ಕೂಡಿಸಬಹುದು. ಅಮೆರಿಕದ ಈ ಕರಾವಳಿಯಿಂದ ಆ ಕರಾವಳಿಗೆ ಹೋಗುವ ಒಂದು ತುಂಡನ್ನು ಮಾತ್ರ ಬೇರೆಯಾಗಿ, ಅಗ್ಗದ ಕಂಪನಿಯೊಂದರಲ್ಲಿ, ಎರಡು ದಿನದ ಅಂತರವಿಟ್ಟು ಕೊಂಡರಾಯಿತು. ಹೀಗೆ ತಲೆಗೆ 1,46,000, ಜೊತೆಗೆ ಆ ತುಂಡಿಗೆ 13,500. ತಂಗಿಯ ಮನೆಗೆ ಬರಿಯ ಹೋಗಿಬರುವ ಟಿಕೆಟೇ 1,28,000 ಇತ್ತು. ಅಂದರೆ ಭೂಮಿಯ ಉಳಿದರ್ಧಕ್ಕೆ ನಾವು ಕೊಡಬೇಕಾದದ್ದು 31,500 ರೂಪಾಯಿ! ಅಪ್ಪನ ಸಿದ್ಧಾಂತ ಗೆದ್ದಿತು.

ಹೆಸರಿನ ತೊಡಕೊಂದು ಬಂತು. ವಿಮಾನದವರಿಗೆ ಮನೆತನದ ಹೆಸರು ಬೇರೆ, ಇಟ್ಟ ಹೆಸರು ಬೇರೆ ಬೇಕು. ನಮ್ಮ ಕಡೆ ಇರುವುದು ಇನಿಷಿಯಲ್ಲು. ಪಾಸ್‌ಪೋರ್ಟು ಮಾಡಿಸುವಾಗ ಅಪ್ಪನ ಮೊದಲ ಅಕ್ಷರವನ್ನು ಬಿಡಿಸಿ ಬರೆಯಬೇಕಾಗಿ ಬಂದು, ಅವರ ಮನೆತನದ ಹೆಸರು ‘ಯಸಳೂರು’ ಎಂದಾಗಿದೆ. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರುವುದು ಅಪ್ಪನ ಹೆಸರು. ಹೀಗಾಗಿ ಟಿಕೆಟಿನ ಪ್ರಕಾರ ನಾವಿಬ್ಬರೂ ಒಬ್ಬರಿಗೊಬ್ಬರು ಏನೂ ಆಗಬೇಕಾದವರಲ್ಲ. ಪಾಸ್‌ಪೋರ್ಟಿನಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಬರೆಯಬೇಕೆಂದು ನಾನು ಹೇಳಿದಾಗ, “ಬರೆ, ಬರೆ. ಮಿಸ್ಟರ್ ಯಸಳೂರು ಭೂಮಿ ಸುತ್ತಿ ಬರಲಿ” ಎಂದು ಅಪ್ಪ ಅಂದು ಮೊದಲ ಬಾರಿಗೆ ನಕ್ಕರು.

ಇನ್ನು ದಿನಗಳನ್ನು ಗೊತ್ತುಮಾಡುವುದೊಂದೇ ಬಾಕಿ ಎಂದುಕೊಂಡೆ; ನಿಜವಾದ ಕಷ್ಟ ಆರಂಭವಾದದ್ದು ಅಲ್ಲಿ.

ತೋಟವಿರುವವನು ಮನೆ ಬಿಡುವ ಕಾಲವನ್ನು ಪಂಚಾಂಗ ಹೇಳುವುದಿಲ್ಲ, ಮಳೆ ಹೇಳುತ್ತದೆ. ಹೂಮಳೆ ಬಿದ್ದು ಕಾಫಿ ಅರಳಬೇಕು. ಹಿಮ್ಮಳೆ ಬಿದ್ದು ಕಾಯಿ ಕಚ್ಚಬೇಕು. ಮುಂಗಾರು ಹಿಡಿಯುವ ಮೊದಲು ಬೋರ್ಡೋ ದ್ರಾವಣ ಸಿಂಪಡಿಸಬೇಕು. ಹಿಮ್ಮಳೆಗೂ ಮುಂಗಾರಿಗೂ ನಡುವೆ ಸಿಗುವ ಬಿಡುವಿನಲ್ಲೇ ನನ್ನ ಕಾಲೇಜಿನ ರಜೆಯೂ ಬರಬೇಕು. ಪುಷ್ಯಮಾಸದ ಆ ರಾತ್ರಿ, ಹೊಸ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಮುಂದಿಟ್ಟುಕೊಂಡು ಕುಳಿತೆವು. ಮೊದಲ ಯೋಜನೆ ಪಶ್ಚಿಮಕ್ಕೆ ಹೋಗುವುದಾಗಿತ್ತು. ಅದಕ್ಕೆ ಅಪ್ಪನದೊಂದು ಶಾಸ್ತ್ರವಿತ್ತು. ಪ್ರದಕ್ಷಿಣೆಯೆಂದರೆ ದೇವರು ಬಲಗೈಯ ಕಡೆಗಿರಬೇಕು. ಪಶ್ಚಿಮಕ್ಕೆ ಮುಖಮಾಡಿ ನಡೆಯುವವನಿಗೆ ಉತ್ತರ ಬಲಕ್ಕೆ ಬರುತ್ತದೆ. ಉತ್ತರದಲ್ಲಿ ಮೇರು ಪರ್ವತ. ಸೂರ್ಯನೂ ಹಾಗೆಯೇ ಸುತ್ತುತ್ತಾನೆ. ಆದ್ದರಿಂದ ಲಂಡನ್, ನ್ಯೂಯಾರ್ಕು, ತಂಗಿಯ ಮನೆ, ಅಲ್ಲಿಂದ ಪೆಸಿಫಿಕ್ ದಾಟಿ ಸಿಂಗಪುರದ ಮೇಲೆ ಮನೆಗೆ.

(2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದನ್ನು ಮಹಿಳೆಯರೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದಿದ್ದರು. ಅಪ್ಪನ ಅಭಿಪ್ರಾಯದಲ್ಲಿ ಅದು ಮೆಚ್ಚತಕ್ಕ ಸಾಹಸವೇ, ಆದರೆ ಮೇರುವಿನ ತಲೆಯ ಮೇಲೆ ಹಾಯ್ದುಹೋದಂತಾದ್ದರಿಂದ ಪ್ರದಕ್ಷಿಣೆಯ ಲೆಕ್ಕಕ್ಕೆ ಬಾರದು.)

ಮರಳುವ ದಾರಿಯಲ್ಲಿ ಒಂದು ದಿನದ ಬೆಲೆ ಉಳಿದೆಲ್ಲ ದಿನಗಳಿಗಿಂತ ಕಡಿಮೆಯಿತ್ತು. ನಾನು ಮೇಲೆ ಹೇಳಿದ 1,46,000 ಆ ದಿನದ್ದೇ. ರಾತ್ರಿ ಹನ್ನೊಂದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬಿಡುವುದು; ಹದಿನೇಳು ಗಂಟೆಯ ಹಾರಾಟ. ನಾನು ಅದನ್ನು ಗುರುತು ಹಾಕಿಕೊಂಡು ಮುಂದಿನ ಕಾಲಂ ನೋಡಿದೆ. ಸಿಂಗಪುರ ಸೇರುವುದು ಬೆಳಿಗ್ಗೆ ಏಳಕ್ಕೆ, ಮರುದಿನವಲ್ಲ, ಅದರ ಮರುದಿನ. ನಡುವಿನ ತಾರೀಖಿನ ಮೇಲೆ ಅಪ್ಪ ಬೆರಳಿಟ್ಟರು. ವೈಶಾಖ ಶುದ್ಧ ದಶಮಿ.

ಅಮ್ಮನ ದಿನದಂದು ನಮ್ಮಲ್ಲಿ ದೊಡ್ಡ ಸಡಗರವೇನೂ ಇಲ್ಲ. ಅವಳಿಗೆ ಇಷ್ಟವಾದ ಅಕ್ಕಿ ಕಡುಬು, ಒಂದು ಲೋಟ ಕಾಫಿ, ಬಾಳೆಯ ಎಲೆಯ ಮೇಲೆ ಎಡೆ ಇಡುತ್ತೇವೆ. ಅಪ್ಪ ಅಂದು ಮಧ್ಯಾಹ್ನದವರೆಗೆ ಉಪವಾಸವಿರುತ್ತಾರೆ.

“ಆ ದಿನ ಎಷ್ಟು ಹೊತ್ತು ಇರುತ್ತದೆ?” ಎಂದು ಅಪ್ಪ ಕೇಳಿದರು. ಮೇಷ್ಟರು ಹುಡುಗನನ್ನು ಕೇಳುವ ಧ್ವನಿ ಅದಲ್ಲ. ಆದರೂ ನಾನು ಲೆಕ್ಕ ಹಾಕಿದೆ. ಹೊರಟ ಒಂದು ಗಂಟೆಗೆ ಮಧ್ಯರಾತ್ರಿಯಾಗಿ ಆ ತಾರೀಖು ಹುಟ್ಟುತ್ತದೆ. ಐದಾರು ಗಂಟೆಯಲ್ಲಿ ವಿಮಾನ ಅಂತರರಾಷ್ಟ್ರೀಯ ದಿನರೇಖೆಯನ್ನು ದಾಟುತ್ತದೆ; ಕೂಡಲೇ ಅದರ ಮರುದಿನ. ಪಶ್ಚಿಮಕ್ಕೆ ಓಡುವ ವಿಮಾನ ಕತ್ತಲೆಯ ಜೊತೆಯಲ್ಲೇ ಓಡುವುದರಿಂದ ಸಿಂಗಪುರ ಸೇರುವವರೆಗೂ ಒಂದೇ ರಾತ್ರಿ. ಆ ತಾರೀಖಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ.

“ಸೂರ್ಯೋದಯವಿಲ್ಲದ ತಿಥಿ. ಕ್ಷಯ ತಿಥಿ” ಎಂದರು ಅಪ್ಪ.

ಪಂಚಾಂಗ ಬಲ್ಲವರು ನಗಬಹುದು. ತಿಥಿಯೆಂದರೆ ಸೂರ್ಯಚಂದ್ರರ ನಡುವಿನ ಹನ್ನೆರಡು ಅಂಶದ ಲೆಕ್ಕ. ಯಾರು ಯಾವ ವಿಮಾನವನ್ನೇರಿದರೂ ಅದು ಅಳಿಸಿಹೋಗುವುದಿಲ್ಲ. ಅಪ್ಪನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಈ ದಿನ ಕಳೆಯುವ ಸೋಜಿಗವನ್ನು ಮೊದಲು ಕಂಡವರ ಕಥೆಯನ್ನು ಅವರೇ ನಮಗೆ ತರಗತಿಯಲ್ಲಿ ಹೇಳಿದ್ದರು. ಮ್ಯಾಗೆಲನ್ನನ ಹಡಗು ಪಶ್ಚಿಮಕ್ಕೆ ಭೂಮಿಯನ್ನು ಬಳಸಿ, 1522ರ ಜುಲೈ ತಿಂಗಳಲ್ಲಿ ಕೇಪ್ ವರ್ಡೆ ದ್ವೀಪಗಳನ್ನು ಮುಟ್ಟಿದಾಗ, ಹಡಗಿನ ದಿನಚರಿಯಲ್ಲಿ ಬುಧವಾರ, ದಡದಲ್ಲಿ ಗುರುವಾರ. ಒಂದು ದಿನವೂ ಬಿಡದೆ ಬರೆದಿಟ್ಟಿದ್ದ ಪಿಗಾಫೆಟ್ಟ ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಬೆರಗಾದನಂತೆ. ಲೆಕ್ಕ ತಪ್ಪಿರಲಿಲ್ಲ, ದಿನವೇ ಹೋಗಿತ್ತು.

ಎರಡು ದಿನ ತಡವಾಗಿ ಹೊರಟು, ದಶಮಿಯನ್ನು ತಂಗಿಯ ಮನೆಯಲ್ಲೇ ಕಳೆದು ಬರಬಹುದಾಗಿತ್ತು. ಆದರೆ ಆ ರಾತ್ರಿಯ ಬೆಲೆ ತಲೆಗೆ 11,500 ಹೆಚ್ಚು, ಇಬ್ಬರಿಗೆ 23,000. ಆ ಹಣ ಇಂಗ್ಲೆಂಡಿನ ವೀಸಾಕ್ಕೆಂದು ತೆಗೆದಿಟ್ಟದ್ದರಲ್ಲಿ ಕಡಿಯಬೇಕು. ಅಮ್ಮನೇ ಇದ್ದಿದ್ದರೆ, “ಅಗ್ಗದ್ದನ್ನೇ ತೆಗೆಯಿರಿ, ನನ್ನ ಕಡುಬು ಎಲ್ಲಿ ಓಡಿಹೋಗುತ್ತದೆ?” ಎನ್ನುತ್ತಿದ್ದಳು ಎಂದು ನಾನು ಹೇಳಿದೆ. ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿತು. ಅಪ್ಪ ಗೋಳವನ್ನು ಹತ್ತಿರಕ್ಕೆ ಎಳೆದುಕೊಂಡು ಸುಮ್ಮನೆ ತಿರುಗಿಸುತ್ತ ಕುಳಿತರು. ಹೊರಗೆ ಮಂಜು ಹೆಂಚಿನಿಂದ ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಗೋಳ ನಿಂತಿತು.

“ಪೂರ್ವಕ್ಕೆ ಹೋದರೆ?”

ಜೂಲ್ಸ್ ವರ್ನ್ 1872ರಲ್ಲಿ ಪತ್ರಿಕೆಗೆ ಧಾರಾವಾಹಿಯಾಗಿ ಬರೆದ ಎಂಬತ್ತು ದಿನಗಳ ಭೂಪ್ರದಕ್ಷಿಣೆಯ ಕಾದಂಬರಿಯಲ್ಲಿ ನಾಯಕ ಪಂಥದಲ್ಲಿ ಗೆಲ್ಲುವುದು ಪೂರ್ವಕ್ಕೆ ಹೋದ ಪುಣ್ಯದಿಂದಲೇ. ಅವನಿಗರಿವಿಲ್ಲದೆ ಒಂದು ದಿನ ಸಿಕ್ಕಿರುತ್ತದೆ. ನಾನು ಬಳೆಯನ್ನು ತಿರುವಿಹಾಕಿ ಹುಡುಕಿದೆ. ನವಮಿಯ ರಾತ್ರಿ ಬೆಂಗಳೂರು ಬಿಟ್ಟರೆ ದಶಮಿಯ ಬೆಳಗಿನ ಜಾವಕ್ಕೆ ಸಿಂಗಪುರ. ನಿಲ್ದಾಣದ ಗಾಜಿನಲ್ಲಿ ಸೂರ್ಯೋದಯ. ಒಂಬತ್ತು ಗಂಟೆಗೆ ಅಲ್ಲಿಂದ ಹೊರಟು, ಹದಿನೈದು ಗಂಟೆಗೂ ಮಿಕ್ಕಿ ಹಾರಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವುದು ಅದೇ ದಶಮಿಯ ಬೆಳಿಗ್ಗೆ ಒಂಬತ್ತೂವರೆಗೆ! ನಡುವೆ ಒಂದು ಪುಟ್ಟ ರಾತ್ರಿ. ಮತ್ತೆ ಕಿಟಕಿಯಲ್ಲಿ ಅದೇ ದಿನದ ಎರಡನೆಯ ಸೂರ್ಯೋದಯ. ಮಧ್ಯಾಹ್ನಕ್ಕೆ ಮಗಳ ಮನೆ. ಅಲ್ಲಿ ಅಕ್ಕಿಹಿಟ್ಟೂ ಉಂಟು, ಬಾಳೆಯೆಲೆಯೂ ಸಿಗುತ್ತದಂತೆ. ಬೆಲೆ ತಲೆಗೆ 1,51,000. ಐದು ಸಾವಿರ ಮಾತ್ರ ಹೆಚ್ಚು. ಮರಳುವುದು ಲಂಡನ್ನಿನ ಮೇಲೆ, ಮುಂಗಾರಿಗೆ ಮೊದಲು. ದಿನಗಳು ಕಡಿಮೆಯಾದವು, ಸಿಂಪಡಣೆಯನ್ನು ಚಿಕ್ಕಪ್ಪ ನೋಡಿಕೊಳ್ಳಬೇಕು.

“ಎರಡು ಸೂರ್ಯೋದಯ ಮುಟ್ಟಿದ ತಿಥಿ ವೃದ್ಧಿ ತಿಥಿ” ಎಂದರು ಅಪ್ಪ. ಸಿಂಗಪುರದ ಗಡಿಯಾರದಿಂದ ಎಣಿಸಿದರೆ ಮೂವತ್ತೊಂಬತ್ತು ಗಂಟೆಯ ದಶಮಿ.

“ಹಾಗಾದರೆ ಅಪ್ರದಕ್ಷಿಣೆಯಾಗುವುದಿಲ್ಲವೇ?” ಎಂದೆ.

ಅಪ್ಪ ಗೋಳವನ್ನು ಬೆರಳಿನಿಂದ ಮೆಲ್ಲನೆ ತಳ್ಳಿದರು, ಪಶ್ಚಿಮದಿಂದ ಪೂರ್ವಕ್ಕೆ. “ಭೂಮಿ ತಿರುಗುವುದು ಯಾವ ಕಡೆಗೆ? ಅದು ತಿರುಗಿದ ಕಡೆಗೇ ನಾವೂ ತಿರುಗಿದರೆ ಅದಕ್ಕೇನು ಅವಮಾನ?”

ಕೊಳ್ಳುವುದೆಂದು ತೀರ್ಮಾನವಾದ ಆ ಗಳಿಗೆಯಲ್ಲೇ ಕರೆಂಟು ಹೋಯಿತು. ಟಿಕೆಟನ್ನು ಹಿಡಿದಿಡಲು ಕೊಟ್ಟ ಸಮಯ ಕೆಲವೇ ನಿಮಿಷಗಳು. ಬ್ಯಾಂಕಿನ ಒಟಿಪಿ ಬರಬೇಕಾದರೆ ಮೊಬೈಲಿಗೆ ಸಿಗ್ನಲ್ಲು ಬೇಕು; ಕರೆಂಟು ಹೋದರೆ ನಮ್ಮಲ್ಲಿ ಸಿಗ್ನಲ್ಲು ಇರುವುದು ಕೊಟ್ಟಿಗೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ಮಾತ್ರ. ಟಾರ್ಚು ಹಿಡಿದು ಅಪ್ಪ ಮುಂದೆ, ಮೊಬೈಲು ಹಿಡಿದು ನಾನು ಹಿಂದೆ ಓಡಿದೆವು. ಮರದ ಬುಡ ಮುಟ್ಟುತ್ತಲೇ ಮೊಬೈಲು ಸದ್ದು ಮಾಡಿತು. ಆತುರದಿಂದ ನೋಡಿದರೆ ಅದು ಬ್ಯಾಂಕಿನದಲ್ಲ. ಆನೆಗಳ ಹಿಂಡು ನಮ್ಮ ಸುತ್ತಿನ ತೋಟಗಳಲ್ಲಿದೆಯೆಂಬ ಅರಣ್ಯ ಇಲಾಖೆಯ ಎಚ್ಚರಿಕೆ! ಹಿಂದಿರುಗೋಣವೆಂದು ನಾನು. “ಭೂಮಿ ಸುತ್ತುವವನು ಹಲಸಿನ ಮರದಿಂದ ಓಡಿಹೋಗುತ್ತಾನೋ? ನಿಲ್ಲು” ಎಂದು ಅಪ್ಪ ಪಿಸುಗುಟ್ಟಿದರು. ಟಾರ್ಚನ್ನು ಮಾತ್ರ ಆರಿಸಿದರು. ಕತ್ತಲೆಯಲ್ಲಿ ನಿಂತು ಒಟಿಪಿಗೆ ಕಾಯ್ದೆವು. ಅದು ಬಂದಾಗ ಸಮಯ ಮೀರಿತ್ತು. ಮತ್ತೆ ಮೊದಲಿನಿಂದ ತುಂಬಿಸಿದಾಗ ಬೆಲೆ ತಲೆಗೆ 3,200 ಏರಿತ್ತು. ಅಗ್ಗದ ದರ್ಜೆ ಆ ಕೆಲವು ನಿಮಿಷಗಳಲ್ಲಿ ಯಾರದೋ ಪಾಲಾಗಿತ್ತು. ನಾನು ಅಪ್ಪನ ಮುಖ ನೋಡಿದೆ. ಕತ್ತಲೆಯಲ್ಲಿ ಏನೂ ಕಾಣಲಿಲ್ಲ. “ಒತ್ತು” ಎಂದರು. ಒತ್ತಿದೆ.

ಮರುದಿನ ಸಕಲೇಶಪುರಕ್ಕೆ ಹೋಗಿ ಟಿಕೆಟನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದೆ. ಅಪ್ಪ ಕನ್ನಡಕ ಹಾಕಿಕೊಂಡು, ತಮ್ಮ ಹೆಸರಿರುವ ಸಾಲಿನಿಂದ ಹಿಡಿದು ಪೆಟ್ಟಿಗೆಯ ತೂಕದವರೆಗೆ ಎರಡು ಸಲ ಓದಿ, ಅದನ್ನು ನಾಲ್ಕಾಗಿ ಮಡಿಸಿ, ತಗಡಿನ ಪೆಟ್ಟಿಗೆ ತೆರೆದು ಅಮ್ಮನ ಪಾಸ್‌ಪೋರ್ಟಿನೊಳಗೆ ಇಟ್ಟರು. ಅಲ್ಲಿದ್ದರೆ ಕಳೆಯುವುದಿಲ್ಲ ಎಂದರು.

ನಾನು ಮೈಸೂರಿನ ಬಸ್ಸಿಗೆ ಹೊರಡುವ ಹೊತ್ತಿಗೆ ಅವರು ಅಂಗಳದಲ್ಲಿರಲಿಲ್ಲ. ಹುಡುಕಿಕೊಂಡು ಹಿತ್ತಿಲಿಗೆ ಹೋದೆ. ಪಂಪು ಬಂದು ಎಷ್ಟೋ ವರ್ಷಗಳಾದ ಮೇಲೆ ಯಾರೂ ಮುಟ್ಟದ ಬಾವಿಯ ಕಟ್ಟೆಯ ಮೇಲೆ ಒಂದು ಕಾಲೂರಿ ನಿಂತು, ಅಪ್ಪ ರಾಟೆಗೆ ಎಣ್ಣೆ ಹಾಕುತ್ತಿದ್ದರು.